ಕಾವೇರಿಯ ಕಾಲು, ಗಂಗೆಯ ಮೆಟ್ಟಿಲು

(ಕಾಶಿಗೆ ಹೊರಟಿದ್ದವರ ಮುಂದೆ ಮೈಸೂರಿನಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯ ಪ್ರಶ್ನೋತ್ತರವನ್ನು ಮೊಟಕು ಮಾಡಿದೆ.)

ಎಲ್ಲರಿಗೂ ನಮಸ್ಕಾರ.

ತಿರುಮಕೂಡಲು ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿರುವ ಗುಲಗಂಜಿಯ ಕಥೆ ನಿಮಗೆಲ್ಲ ಗೊತ್ತು. ತಕ್ಕಡಿಯಲ್ಲಿ ಒಂದು ಕಡೆ ಕಾಶಿ, ಇನ್ನೊಂದು ಕಡೆ ನಮ್ಮ ಸಂಗಮ; ತೂಗಿದರೆ ಸಂಗಮವೇ ಒಂದು ಗುಲಗಂಜಿಯಷ್ಟು ಹೆಚ್ಚು ಬಂತಂತೆ. ನಂಜನಗೂಡು ದಕ್ಷಿಣ ಕಾಶಿ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟರೆ ಅಷ್ಟೇ ಸಾಕು ಅನ್ನುವ ಮನೆಗಳು ಮಂಡ್ಯ, ಮೈಸೂರಿನಲ್ಲಿ ಲೆಕ್ಕವಿಲ್ಲದಷ್ಟು. ಮದುವೆಯಲ್ಲಂತೂ ಮದುಮಗ ಕೊಡೆ ಹಿಡಿದು ಕಾಶಿಗೆ ಹೊರಟು ಛತ್ರದ ಬಾಗಿಲಿಂದಲೇ ವಾಪಸ್ಸಾಗುತ್ತಾನೆ. ಹೀಗಾಗಿ ಕಾಶಿ ನಮಗೆ ಹೋಗುವ ಮೊದಲೇ ಪರಿಚಯದ ಊರು.

ತೊಂದರೆ ಶುರುವಾಗುವುದು ಈ ಸಲಿಗೆಯಿಂದಲೇ. ನಾವು ಕಾವೇರಿಯ ಜನ. ನೀರಿಗೆ ಇಳಿಯುವ ರೀತಿ, ಯಾವ ತಿಂಗಳು ಹೋಗಬೇಕೆಂಬ ಲೆಕ್ಕ, ದೋಣಿ ಹತ್ತುವ ರೂಢಿ, ಎಲ್ಲ ಕಾವೇರಿಯಿಂದ ಕಲಿತದ್ದು. ಅದೇ ಅಭ್ಯಾಸ ಕಟ್ಟಿಕೊಂಡು ಗಂಗೆಯ ಹತ್ತಿರ ಹೋಗುತ್ತೇವೆ. ದೇವಸ್ಥಾನಗಳ ಪಟ್ಟಿ ಎಲ್ಲರ ಕೈಯಲ್ಲೂ ಇರುತ್ತದೆ. ನದಿಯನ್ನು ವಿಚಾರಿಸಿಕೊಂಡು ಹೊರಡುವವರು ಮಾತ್ರ ಕಡಿಮೆ. ಆದ್ದರಿಂದ ಇವತ್ತು ನದಿಯಿಂದಲೇ ಶುರು ಮಾಡೋಣ.

ಗಂಗೆ ಹಿಮಾಲಯದಿಂದ ಇಳಿದು ಪೂರ್ವಕ್ಕೆ ಹೋಗುವ ನದಿ. ಕಾಶಿಯ ಹತ್ತಿರ ಬಾಗಿ ಉತ್ತರಕ್ಕೆ ಹರಿಯುತ್ತಾಳೆ. ನಮ್ಮಲ್ಲಿ ಕಾವೇರಿ ಪಶ್ಚಿಮಕ್ಕೆ ತಿರುಗುವ ಜಾಗಕ್ಕೆ ಹೇಗೆ ಬೆಲೆಯೋ ಅಲ್ಲಿ ಗಂಗೆ ಉತ್ತರಕ್ಕೆ ತಿರುಗುವ ಜಾಗಕ್ಕೆ ಹಾಗೆ. ಊರೆಲ್ಲ ಪಶ್ಚಿಮದ ದಡದಲ್ಲಿದೆ. ದಕ್ಷಿಣದಲ್ಲಿ ಅಸ್ಸಿ ಹೊಳೆ, ಉತ್ತರದಲ್ಲಿ ವರುಣಾ ಹೊಳೆ, ನಡುವೆ ಸುಮಾರು ಆರೂವರೆ ಏಳು ಕಿಲೋಮೀಟರು ಉದ್ದಕ್ಕೆ ಎಂಬತ್ತಕ್ಕೂ ಹೆಚ್ಚು ಘಾಟುಗಳು. ಎದುರು ದಡದಲ್ಲಿ ಊರಿಲ್ಲ, ಬರೀ ಮರಳು. ಹಾಗಾಗಿಯೇ ಘಾಟಿನ ಮೇಲೆ ನಿಂತವರಿಗೆ ಸೂರ್ಯ ನೀರಿನಿಂದಲೇ ಎದ್ದುಬಂದಂತೆ ಕಾಣುತ್ತದೆ.

ಈ ಬಾಗಿನಲ್ಲಿ ಇನ್ನೊಂದು ಸಂಗತಿಯಿದೆ. ನದಿ ಬಾಗುವಾಗ ಹೊರಬದಿಯ ದಡವನ್ನು ಕೊರೆಯುತ್ತದೆ, ಒಳಬದಿಯಲ್ಲಿ ಮರಳು ಹಾಕುತ್ತದೆ. ಕಾಶಿಯ ಘಾಟುಗಳಿರುವುದು ಹೊರಬದಿಯಲ್ಲಿ. ಅಲ್ಲಿ ನೀರು ಆಳ, ಸೆಳೆತವೂ ಹೆಚ್ಚು. ನಮ್ಮ ಸಂಗಮದಲ್ಲೋ ಗೋಸಾಯಿ ಘಾಟಿನಲ್ಲೋ ಇಳಿದರೆ ಕಾಲಿಗೆ ಬಂಡೆ ಸಿಗುತ್ತದೆ, ನಾಲ್ಕು ಹೆಜ್ಜೆ ಆಚೆಗೂ ನೆಲ ಇದ್ದೀತೆಂಬ ಧೈರ್ಯ ಇರುತ್ತದೆ. ಕಾಶಿಯಲ್ಲಿ ಮೆಟ್ಟಿಲು ಇರುವ ತನಕ ಮೆಟ್ಟಿಲು, ಅದು ಮುಗಿದ ಮೇಲೆ ಕಾಲಿಗೆ ಏನೂ ಇಲ್ಲ. ಎಷ್ಟನೆಯ ಮೆಟ್ಟಿಲಿಗೆ ಮುಗಿಯುತ್ತದೆ ಎಂಬುದು ನೀರು ಕದಡಿರುವುದರಿಂದ ಕಾಣುವುದೂ ಇಲ್ಲ.

ಸ್ನಾನದ ವಿಧಾನ ಹೇಳಿಬಿಡುತ್ತೇನೆ. ಗುಂಪಿನಲ್ಲಿ ಒಬ್ಬರು ಒಣಬಟ್ಟೆಯಲ್ಲಿ ಮೇಲೆಯೇ ಕೂತಿರಬೇಕು. ಎಲ್ಲರ ಫೋನು, ಕನ್ನಡಕ, ಹಣ ಅವರ ಹತ್ತಿರ. ಉಳಿದವರು ಸ್ನಾನ ಮುಗಿಸಿ ಬಂದ ಮೇಲೆ ಅವರ ಸರದಿ. ನೀರಂಚಿನ ಮೆಟ್ಟಿಲಿಗೆ ಬಂದಾಗ ನಿಂತುಕೊಂಡೇ ಕಾಲಿಡಬೇಡಿ, ಮೊದಲು ಕೂತುಕೊಳ್ಳಿ. ಮೆಟ್ಟಿಲಿನ ಬಣ್ಣ ನೋಡಿ. ಕಲ್ಲಿನ ಬಣ್ಣವೇ ಕಂಡರೆ ಸರಿ. ಹಸಿರು ತಿರುಗಿದ್ದರೆ ಪಾಚಿ, ಅದರ ಮೇಲೆ ಎಂಥ ಚಪ್ಪಲಿಯೂ ನಿಲ್ಲುವುದಿಲ್ಲ. ಕೂತಲ್ಲಿಂದಲೇ ಒಂದು ಕಾಲು ಕೆಳಗೆ ಬಿಟ್ಟು ಮುಂದಿನ ಮೆಟ್ಟಿಲು ಸಿಗುತ್ತದೆಯೇ ನೋಡಿ, ಸರಪಳಿ ಇದ್ದರೆ ಹಿಡಿಯಿರಿ, ಇಲ್ಲದಿದ್ದರೆ ಮೇಲಿನ ಮೆಟ್ಟಿಲಲ್ಲಿರುವವರ ಕೈ ಹಿಡಿಯಿರಿ. ಸೊಂಟದ ನೀರಿಗೆ ನಿಲ್ಲಿಸಿ. ಮೂರು ಮುಳುಗು ಹಾಕಲು ಸೊಂಟದ ನೀರು ಧಾರಾಳವಾಯಿತು. ಎದೆಮಟ್ಟಕ್ಕೆ ಹೋದರೆ ಪುಣ್ಯವೇನೂ ಜಾಸ್ತಿಯಾಗುವುದಿಲ್ಲ, ದೇಹ ತೇಲಿ ಕಾಲು ಕೀಳುತ್ತದೆ, ಅಷ್ಟೆ.

ಹೆಂಗಸರಿಗೆ ಒಂದು ಮಾತು. ಆರು ಗಜದ ಹತ್ತಿ ಸೀರೆ ನೆನೆದರೆ ಭಾರ ಎಷ್ಟಾಗುತ್ತದೆಂದು ಒಗೆಯುವವರಿಗೆ ಹೇಳಬೇಕಾಗಿಲ್ಲ. ನೀರಿನಲ್ಲಿ ನೆರಿಗೆ ಬಿಚ್ಚಿ ತೇಲುತ್ತದೆ, ಮೇಲೆ ಹತ್ತುವಾಗ ಅದೇ ನೆರಿಗೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಬೀಳುವುದು ಇಳಿಯುವಾಗಲ್ಲ, ಹತ್ತುವಾಗ. ಚೂಡಿದಾರ ಹಾಕಿಕೊಂಡು ಮುಳುಗಿ, ಸೀರೆಯನ್ನು ಆಮೇಲೆ ದೇವಸ್ಥಾನಕ್ಕೆ ಉಟ್ಟುಕೊಳ್ಳಿ. ಗಂಗಮ್ಮನೇನೂ ತಪ್ಪು ತಿಳಿಯುವುದಿಲ್ಲ.

ಎದುರು ದಡದ ಮರಳಿನಲ್ಲಿ ನೀರು ತಿಳಿಯಾಗಿದೆ, ಅಲ್ಲೇ ಮೀಯಿಸುತ್ತೇವೆ ಎಂದು ದೋಣಿಯವರು ಕರೆಯುತ್ತಾರೆ. ನೀರು ತಿಳಿಯಾಗಿರುವುದು ನಿಜವೇ. ಆದರೆ ಮರಳಿನ ತಳ ಪ್ರತಿ ಮಳೆಗಾಲಕ್ಕೂ ಜಾಗ ಬದಲಾಯಿಸುತ್ತದೆ. ಮೊಣಕಾಲುದ್ದದ ನೀರಿನಲ್ಲಿ ಹೋಗುತ್ತಿರುವಾಗಲೇ ಥಟ್ಟನೆ ಗುಂಡಿ ಸಿಗುತ್ತದೆ. ಮಕ್ಕಳಿದ್ದರೆ ಆ ಕಡೆ ಸ್ನಾನ ಬೇಡ.

ತೀರ್ಥವೆಂದು ಒಂದು ಹನಿ ತುಟಿಗೆ ಸೋಕಿಸುವುದು ಬೇರೆ, ಬೊಗಸೆ ತುಂಬ ಕುಡಿಯುವುದು ಬೇರೆ. ಅಸ್ಸಿ ಈಗ ಹೆಚ್ಚುಕಡಿಮೆ ಒಂದು ಮೋರಿ. ಊರಿನ ಕೊಳೆಯೂ ನದಿ ಸೇರುತ್ತದೆ. ಯಾತ್ರೆಯ ಮೂರನೆಯ ದಿನ ಹೊಟ್ಟೆ ಕೆಟ್ಟು ಮಲಗುವವರಲ್ಲಿ ಇದನ್ನು ಮರೆತವರು ಸಾಕಷ್ಟು ಮಂದಿ.

ಇನ್ನು ಯಾವಾಗ ಹೋಗುವುದು. ಕನ್ನಂಬಾಡಿ ಕಟ್ಟೆಯ ಮಟ್ಟವನ್ನು ನಾವು ದಿನಾ ಪೇಪರಿನಲ್ಲಿ ನೋಡುತ್ತೇವೆ, 124.80 ಅಡಿ ಅಂದರೆ ತುಂಬಿತು ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಕಾಶಿಗೂ ಅಂಥ ಅಂಕಿಯಿದೆ, ಮೀಟರಿನಲ್ಲಿ. 70.262 ಎಚ್ಚರಿಕೆಯ ಮಟ್ಟ, 71.262 ಅಪಾಯದ ಮಟ್ಟ. 1978ರಲ್ಲಿ 73.90ರ ತನಕ ಏರಿತ್ತು, ಇದುವರೆಗಿನ ದಾಖಲೆ ಅದು. ಬೇಸಿಗೆಯ ನೀರಿಗೂ ಪ್ರವಾಹದ ನೀರಿಗೂ ಹತ್ತು ಮೀಟರಿಗಿಂತ ಹೆಚ್ಚು ವ್ಯತ್ಯಾಸ, ಅಂದರೆ ಮೂರು ಅಂತಸ್ತಿನ ಮನೆಯಷ್ಟು. ಅಲ್ಲಿ ಅಷ್ಟೊಂದು ಮೆಟ್ಟಿಲು ಯಾಕೆ ಕಟ್ಟಿದ್ದಾರೆ ಎಂಬುದಕ್ಕೆ ಇದೇ ಉತ್ತರ. ಜುಲೈ ಕೊನೆಯಿಂದ ಸೆಪ್ಟೆಂಬರಿನ ತನಕ ನೀರು ಏರಿದಾಗ ಒಂದು ಘಾಟಿನಿಂದ ಇನ್ನೊಂದಕ್ಕೆ ನಡೆದು ಹೋಗುವ ದಾರಿಯೇ ಮುಳುಗುತ್ತದೆ. ದೋಣಿ ನಿಲ್ಲಿಸುತ್ತಾರೆ. ಸಂಜೆಯ ಆರತಿ ಮೇಲಕ್ಕೆ, ಕಟ್ಟಡದ ಚಾವಣಿಗೆ ಹೋಗುತ್ತದೆ. ಮಣಿಕರ್ಣಿಕಾದಲ್ಲಿ ಚಿತೆಗಳೂ ಮೇಲಿನ ಕಟ್ಟೆಗೆ ಏರುತ್ತವೆ. ರಜೆ ಸಿಕ್ಕಿತೆಂದು ಆಗಸ್ಟಿನಲ್ಲಿ ಹೋದವರು ಘಾಟು ನೋಡದೆ ಗಲ್ಲಿ ನೋಡಿಕೊಂಡು ಬರಬೇಕಾದೀತು.

ನೀರು ಇಳಿದ ಕೂಡಲೇ ಎಲ್ಲ ಸರಿಹೋಗುವುದಿಲ್ಲ. ಪ್ರವಾಹ ಮೆಟ್ಟಿಲುಗಳ ಮೇಲೆ ದಪ್ಪ ಗೋಡುಮಣ್ಣು ಬಿಟ್ಟು ಹೋಗುತ್ತದೆ. ಪಂಪು ಹಾಕಿ ನದಿಯ ನೀರನ್ನೇ ಹಾಯಿಸಿ ಘಾಟು ಘಾಟಾಗಿ ಅದನ್ನು ತೊಳೆಯುತ್ತಾರೆ. ದಸರೆ ಹೊತ್ತಿಗೆ ಹೋದರೆ ದೊಡ್ಡ ಘಾಟುಗಳು ಶುಚಿಯಾಗಿದ್ದರೂ ನಡುವಿನ ಸಣ್ಣವುಗಳಲ್ಲಿ ಪಾದ ಹೂತುಹೋಗುವ ಕೆಸರು ಇರಬಹುದು. ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜು. ನಮ್ಮ ಚಾಮುಂಡಿ ಬೆಟ್ಟದ ಮಂಜಲ್ಲ ಅದು. ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ, ಎದುರು ದಡವೇ ಕಾಣುವುದಿಲ್ಲ. ಮೇ, ಜೂನಿನ ಬಿಸಿಲು ವಯಸ್ಸಾದವರಿಗೆ ಬೇಡವೇ ಬೇಡ. ಎಲ್ಲ ಕಳೆದು ಉಳಿಯುವುದು ದೀಪಾವಳಿಯ ಆಸುಪಾಸಿನಿಂದ ಡಿಸೆಂಬರ್ ಮಧ್ಯದ ತನಕ, ಆಮೇಲೆ ಫೆಬ್ರವರಿಯಿಂದ ಮಾರ್ಚ್ ಮಧ್ಯದ ತನಕ. ಅದರಲ್ಲೂ ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿ ಮತ್ತು ಶಿವರಾತ್ರಿ, ನೂಕುನುಗ್ಗಲಿಗೆ ಸಿದ್ಧರಿದ್ದವರಿಗೆ ಮಾತ್ರ.

ಪಂಚಾಂಗದ ಒಂದು ಗೊಂದಲವನ್ನು ಬಿಡಿಸಿ ಹೇಳಬೇಕು, ಬಹಳ ಮಂದಿ ಎಡವುವುದು ಇಲ್ಲಿಯೇ. ನಮ್ಮ ಒಂಟಿಕೊಪ್ಪಲ್ ಪಂಚಾಂಗದಲ್ಲಿ ಅಮಾವಾಸ್ಯೆಗೆ ತಿಂಗಳು ಮುಗಿಯುತ್ತದೆ. ಉತ್ತರದವರಿಗೆ ಹುಣ್ಣಿಮೆಗೆ ಮುಗಿಯುತ್ತದೆ. ಶುಕ್ಲಪಕ್ಷ ಇಬ್ಬರಿಗೂ ಒಂದೇ ತಿಂಗಳು, ಬಹುಳದಲ್ಲಿ ಮಾತ್ರ ಅವರು ಒಂದು ತಿಂಗಳು ಮುಂದೆ. ಅಂದರೆ ನಮ್ಮ ಆಷಾಢ ಬಹುಳ ಅವರಿಗೆ ಆಗಲೇ ಶ್ರಾವಣ. ಇಲ್ಲಿ ಬೆಟ್ಟದಲ್ಲಿ ಇನ್ನೂ ಆಷಾಢ ಶುಕ್ರವಾರದ ಪೂಜೆ ನಡೆಯುತ್ತಿರುವಾಗ ಅಲ್ಲಿ ಶ್ರಾವಣ ಸೋಮವಾರ ಬಂದಿರುತ್ತದೆ, ಗಂಗಾಜಲ ಹೊತ್ತ ಕಾವಡಿಯವರ ಸಾಲು ದೇವಸ್ಥಾನದ ಬಾಗಿಲಲ್ಲಿ ನಿಂತಿರುತ್ತದೆ. ಶ್ರಾವಣದ ಜನ ಬೇಡವೆಂದು ಲೆಕ್ಕ ಹಾಕಿ ಆಷಾಢದಲ್ಲಿ ಹೋದವರು ಸರಿಯಾಗಿ ಜನರ ನಡುವೆಯೇ ಇಳಿಯುತ್ತಾರೆ. ಪಿತೃಪಕ್ಷವನ್ನು ನಾವು ಭಾದ್ರಪದ ಬಹುಳ ಅನ್ನುತ್ತೇವೆ, ಅವರು ಆಶ್ವಿನ ಕೃಷ್ಣ ಅನ್ನುತ್ತಾರೆ. ದಿನಗಳು ಮಾತ್ರ ಅವೇ.

ಹೋಗುವ ದಾರಿ ಬೇಗ ಮುಗಿಸೋಣ. ಮೈಸೂರಿನಿಂದ ವಾರಣಾಸಿಗೆ ವಾರಕ್ಕೆ ಎರಡು ದಿನ ನೇರ ರೈಲಿದೆ, ಎರಡು ರಾತ್ರಿಯ ಪ್ರಯಾಣ. ಬೆಂಗಳೂರಿನಿಂದ ದಾನಾಪುರಕ್ಕೆ ಹೋಗುವ ಸಂಘಮಿತ್ರ ಎಕ್ಸ್‌ಪ್ರೆಸ್ ದಿನವೂ ಇದೆ. ಅದು ಕಾಶಿಯ ಒಳಗೆ ಹೋಗುವುದಿಲ್ಲ, ದೀನದಯಾಳ್ ಉಪಾಧ್ಯಾಯ ಜಂಕ್ಷನ್‌ನಲ್ಲಿ ಇಳಿಯಬೇಕು. 2018ರ ತನಕ ಮೊಘಲ್ ಸರಾಯ್ ಅನ್ನುತ್ತಿದ್ದ ನಿಲ್ದಾಣವೇ ಅದು. ಅಲ್ಲಿಂದ ಊರಿಗೆ ಹದಿನಾರು, ಹದಿನೆಂಟು ಕಿಲೋಮೀಟರು. ಊರಿನಲ್ಲಿ ವಾರಣಾಸಿ ಜಂಕ್ಷನ್ ಇದೆ, ಬನಾರಸ್ ಇದೆ, ಕಾಶಿ ಎಂಬ ಸಣ್ಣ ನಿಲ್ದಾಣವೂ ಇದೆ. ಮೂರೂ ಬೇರೆ ಬೇರೆ. ಟಿಕೆಟ್ಟಿನಲ್ಲಿ ಯಾವ ಹೆಸರಿದೆ ಎಂದು ಮನೆಯಲ್ಲೇ ನೋಡಿಕೊಳ್ಳಿ.

ರಾಜ್ಯದ ಮುಜರಾಯಿ ಇಲಾಖೆ ಕಾಶಿಗೆ ಹೋಗಿ ಬಂದವರಿಗೆ 5,000 ರೂಪಾಯಿ ಸಹಾಯಧನದ ಯೋಜನೆ ತಂದಿತು. 2022ರ ನವೆಂಬರಿನಲ್ಲಿ ಕಾಶಿ ದರ್ಶನದ ಭಾರತ್ ಗೌರವ್ ರೈಲು ಹೊರಟಾಗ ಎಂಟು ದಿನಕ್ಕೆ 20,000 ರೂಪಾಯಿ, ಅದರಲ್ಲಿ 5,000 ಸರ್ಕಾರದ್ದು. ದರ ಆಮೇಲೆ ಬದಲಾಗಿದೆ, ಹೊರಡುವ ಮುಂಚೆ ವಿಚಾರಿಸಿ. ಸಹಾಯಧನಕ್ಕೆ ಯಾತ್ರೆ ಮಾಡಿದ್ದಕ್ಕೆ ದಾಖಲೆ ಕೇಳುತ್ತಾರೆ. ದೇವಸ್ಥಾನದೊಳಗೆ ಫೋನು ಬಿಡದ ಕಾರಣ ಫೋಟೊ ಇರುವುದಿಲ್ಲ. ಪೂಜೆಯ ರಸೀದಿಯನ್ನು ಪ್ರಸಾದದ ಜೊತೆ ಮುದ್ದೆ ಮಾಡಿ ಎಸೆಯಬೇಡಿ.

ಉಳಿಯುವ ಜಾಗ ಎಲ್ಲಿ ಎಂಬುದು ರೂಮು ಹೇಗಿದೆ ಎಂಬುದಕ್ಕಿಂತ ದೊಡ್ಡದು. ಗೊದೌಲಿಯಾ ಚೌಕದಿಂದ ಆಚೆಗೆ ವಾಹನ ಹೋಗುವುದಿಲ್ಲ. ಗಲ್ಲಿಗಳಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕು, ನಡುವೆ ಒಂದು ಗೂಳಿ ಬಂದರೆ ಇಬ್ಬರೂ ಒರಗಬೇಕು. ದೊಡ್ಡ ಸೂಟ್‌ಕೇಸಿನ ಚಕ್ರ ಅಲ್ಲಿನ ಕಲ್ಲುಹಾಸಿನಲ್ಲಿ ಉಪಯೋಗಕ್ಕೆ ಬಾರದು, ಹೆಗಲಿಗೆ ಹಾಕುವ ಚೀಲವೇ ಸರಿ. ದೇವಸ್ಥಾನ ಹತ್ತಿರ ಬೇಕೆನ್ನುವವರು ಗೊದೌಲಿಯಾ ಕಡೆ ಹಿಡಿಯುತ್ತಾರೆ. ಅಲ್ಲಿಯೇ ಜಂಗಮವಾಡಿ ಮಠವಿದೆ, ವೀರಶೈವರ ಪಂಚಪೀಠಗಳಲ್ಲಿ ಕಾಶಿಯ ಜ್ಞಾನಪೀಠ. ಕನ್ನಡ ಕಿವಿಗೆ ಬೀಳುವ ಜಾಗ. ಹನುಮಾನ್ ಘಾಟಿನ ಬಳಿ ಕರ್ನಾಟಕ ಸರ್ಕಾರದ ಛತ್ರವಿದೆ, ಪಕ್ಕದಲ್ಲೇ ಕರ್ನಾಟಕ ಘಾಟ್. ಮೊದಲು ಅದಕ್ಕೆ ಮೈಸೂರು ಘಾಟ್ ಎಂದೇ ಹೆಸರು, ನಮ್ಮ ಸಂಸ್ಥಾನದ ಕಾಲದ್ದು. ಅದಕ್ಕೆ ತಾಗಿಕೊಂಡೇ ಹರಿಶ್ಚಂದ್ರ ಘಾಟ್. ಗಾಳಿ ಈ ಕಡೆ ತಿರುಗಿದರೆ ಚಿತೆಯ ಹೊಗೆ ಬರುತ್ತದೆ. ಅದು ಆಗದವರು ಮೊದಲೇ ಯೋಚಿಸಿ. ಹನುಮಾನ್ ಘಾಟಿನಿಂದ ಕೇದಾರ ಘಾಟಿನ ತನಕ ದಕ್ಷಿಣದವರದೇ ಓಣಿಗಳು. ಇಡ್ಲಿ ಸಿಗುತ್ತದೆ, ಅನ್ನ ಸಾರು ಸಿಗುತ್ತದೆ, ನಮ್ಮ ಭಾಷೆ ಬಲ್ಲ ಪುರೋಹಿತರೂ ಸಿಗುತ್ತಾರೆ. ಮಂಡಿನೋವಿನವರು ಕೇದಾರ ಘಾಟನ್ನು ದೂರದಿಂದ ನೋಡಿದರೆ ಸಾಕು, ಬಹಳ ಕಡಿದಾದ ಮೆಟ್ಟಿಲು. ಅವರಿಗೆ ದಶಾಶ್ವಮೇಧ ಅಥವಾ ಅಸ್ಸಿ ಅನುಕೂಲ.

ದೋಣಿಗೆ ಬರೋಣ. ಗಂಗೆ ಅಲ್ಲಿ ಉತ್ತರಕ್ಕೆ ಹರಿಯುತ್ತಾಳೆ ಅಂದೆನಲ್ಲ, ಆ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಅಸ್ಸಿಯಿಂದ ದಶಾಶ್ವಮೇಧದ ಕಡೆಗೆ ಹೋದರೆ ಹರಿವಿನ ಜೊತೆ. ಹುಟ್ಟು ಹಾಕುವವನಿಗೂ ಸುಲಭ, ದೋಣಿ ಮೆಲ್ಲಗೆ ಘಾಟುಗಳ ಮುಂದೆ ತೇಲುತ್ತ ಹೋಗುತ್ತದೆ. ವಾಪಸ್ ಬರುವುದು ಹರಿವಿಗೆ ಎದುರು. ನಸುಕಿನಲ್ಲಿ ಅಸ್ಸಿಯಲ್ಲಿ ಹತ್ತಿ, ಸುಮಾರು ಒಂದು ಗಂಟೆಯಲ್ಲಿ ದಶಾಶ್ವಮೇಧದಲ್ಲಿ ಇಳಿದು, ಅಲ್ಲಿಂದ ನಡೆದು ದರ್ಶನಕ್ಕೆ ಹೋಗುವುದು ಜಾಣತನ. ಹೋಗಿ ಬರುವ ಎರಡು ಕಡೆಯ ಬಾಡಿಗೆ ಯಾಕೆ ಕೊಡಬೇಕು? ಹತ್ತುವ ಮೊದಲು ಮೂರು ಮಾತು ಇತ್ಯರ್ಥವಾಗಬೇಕು: ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು, ದುಡ್ಡು ದೋಣಿಗೋ ತಲೆಗೋ. ಜಗಳವೆಲ್ಲ ಮೂರನೆಯದರಲ್ಲಿ. "ಪೂರೀ ನಾವ್ ಕಾ, ಯಾ ಏಕ್ ಆದ್ಮೀ ಕಾ?" ಇಷ್ಟು ಹಿಂದಿ ಕಲಿತುಕೊಂಡು ಹೋಗಿ. ಲೈಫ್ ಜಾಕೆಟ್ ಕೇಳಿ ಹಾಕಿಸಿಕೊಳ್ಳಿ. ಅದರ ಕೆಳಗಿನ ಪಟ್ಟಿಯನ್ನೂ ಕಟ್ಟಿಕೊಳ್ಳಿ. ಸುಮ್ಮನೆ ಹೆಗಲಿಗೆ ಸಿಕ್ಕಿಸಿಕೊಂಡರೆ ನೀರಿಗೆ ಬಿದ್ದಾಗ ಅದು ತಲೆಯ ಮೇಲಿಂದ ಕಳಚಿ ಹೋಗುತ್ತದೆ.

ಪಂಚತೀರ್ಥ ಮಾಡುವವರಿಗೂ ಇದೇ ಲೆಕ್ಕ. ಅಸ್ಸಿ, ದಶಾಶ್ವಮೇಧ, ವರುಣಾ ಸಂಗಮದ ಆದಿಕೇಶವ, ಅಲ್ಲಿಂದ ಹಿಂದಕ್ಕೆ ಬಂದು ಪಂಚಗಂಗಾ, ಕೊನೆಗೆ ಮಣಿಕರ್ಣಿಕಾ. ಮೊದಲರ್ಧ ಹರಿವಿನ ಜೊತೆ, ಕೊನೆಯ ಎರಡು ಎದುರು. ಹುಟ್ಟಿನ ದೋಣಿಯಾದರೆ ಇಡೀ ಬೆಳಿಗ್ಗೆ ಬೇಕು, ಬೆಳಿಗ್ಗೆ ಹತ್ತರ ದರ್ಶನದ ಟಿಕೆಟ್ ಇಟ್ಟುಕೊಂಡು ಇದಕ್ಕೆ ಕೈ ಹಾಕಬೇಡಿ.

ಸಂಜೆಯ ಗಂಗಾರತಿ ದಶಾಶ್ವಮೇಧದಲ್ಲಿ ಮುಕ್ಕಾಲು ಗಂಟೆ ನಡೆಯುತ್ತದೆ. ಚಳಿಗಾಲದಲ್ಲಿ ಆರರ ಸುಮಾರಿಗೆ, ಬೇಸಿಗೆಯಲ್ಲಿ ಏಳರ ಸುಮಾರಿಗೆ. ದೋಣಿಯಿಂದ ನೋಡಿದರೆ ಎದುರಿನಿಂದ ಕಾಣುತ್ತದೆ ಎಂಬುದು ಸರಿ. ಆದರೆ ದೋಣಿಗಳನ್ನು ಒಂದಕ್ಕೊಂದು ಅಂಟಿಸಿ ನಿಲ್ಲಿಸಿರುತ್ತಾರೆ, ಆರತಿ ಮುಗಿದು ಹಿಂದಿನ ದೋಣಿಗಳು ಸರಿಯುವ ತನಕ ಇಳಿಯಲು ಆಗದು. ಸಕ್ಕರೆ ಕಾಯಿಲೆಯವರು, ಪದೇ ಪದೇ ಎದ್ದು ಹೋಗಬೇಕಾದವರು ಮೆಟ್ಟಿಲ ಮೇಲೆ, ಗಂಟೆ ಮೊದಲೇ ಹೋಗಿ, ಅಂಚಿನ ಕಡೆ ಜಾಗ ಹಿಡಿಯಲಿ. ನನ್ನ ಅಭಿಪ್ರಾಯ ಕೇಳಿದರೆ, ಅಸ್ಸಿಯಲ್ಲಿ ಬೆಳಗಿನ ಜಾವ ನಡೆಯುವ ಆರತಿಯೇ ನೋಡಲು ಚೆಂದ. ನೂಕಾಟವಿಲ್ಲ, ಮೈಕಿನ ಗದ್ದಲ ಕಡಿಮೆ.

ವಿಶ್ವನಾಥನ ದೇವಸ್ಥಾನ. ಈಗಿರುವ ಗುಡಿಯನ್ನು ಕಟ್ಟಿಸಿದ್ದು ಇಂದೂರಿನ ಅಹಲ್ಯಾಬಾಯಿ ಹೋಳ್ಕರ್, 1780ರಲ್ಲಿ. ಶಿಖರದ ಚಿನ್ನ ಮಹಾರಾಜ ರಣಜಿತ್ ಸಿಂಗನದು. ಗಲ್ಲಿಗಳ ನಡುವೆ ಹುದುಗಿದ್ದ ಗುಡಿಯಿಂದ ಗಂಗೆಯ ತನಕ 2021ರ ಡಿಸೆಂಬರ್ 13ರಂದು ಕಾರಿಡಾರ್ ತೆರೆಯಿತು. ಅದಾದ ಮೇಲೆ ಲಲಿತಾ ಘಾಟಿನಲ್ಲಿ ದೋಣಿ ಇಳಿದು ಗಂಗಾದ್ವಾರದಿಂದ ಸೀದಾ ಮೇಲೆ ಹತ್ತಬಹುದು. ರಸ್ತೆಯ ಕಡೆಯಿಂದ ಬರುವವರಿಗೆ ನಾಲ್ಕನೆಯ ಗೇಟು. ಮಂಗಳಾರತಿ ಬೆಳಗಿನ ಜಾವ ಮೂರಕ್ಕೆ, ನಾಲ್ಕರಿಂದ ಎಲ್ಲರಿಗೂ ದರ್ಶನ. ಹನ್ನೊಂದೂಕಾಲಿಗೆ ಭೋಗ ಆರತಿ, ಸಂಜೆ ಏಳಕ್ಕೆ ಸಪ್ತರ್ಷಿ ಆರತಿ, ರಾತ್ರಿ ಹನ್ನೊಂದಕ್ಕೆ ಬಾಗಿಲು. ಆರತಿಯ ಟಿಕೆಟ್ಟನ್ನು ದೇವಸ್ಥಾನದ ಟ್ರಸ್ಟಿನ ವೆಬ್‌ಸೈಟಿನಲ್ಲೇ ತೆಗೆದುಕೊಳ್ಳಿ, ಗಲ್ಲಿಯಲ್ಲಿ ಕೈ ಹಿಡಿದು ಎಳೆಯುವವರಿಂದ ಬೇಡ. ಟಿಕೆಟ್ಟಿನಲ್ಲಿರುವ ಗುರುತಿನ ಚೀಟಿಯ ಅಸಲಿಯೇ ಜೊತೆಗಿರಲಿ.

ಫೋನು, ಸ್ಮಾರ್ಟ್ ವಾಚು, ಪೆನ್ನು, ಚೀಲ ಒಳಗೆ ಹೋಗುವುದಿಲ್ಲ. ಹೊರಗೆ ಹೂವಿನ ಬುಟ್ಟಿಯ ಅಂಗಡಿಗಳು "ಲಾಕರ್ ಫ್ರೀ" ಅನ್ನುತ್ತವೆ. ಲಾಕರು ಫ್ರೀ, ಬುಟ್ಟಿಗೆ ಮಾತ್ರ ಅವರು ಹೇಳಿದ ರೇಟು. ದೇವಸ್ಥಾನದ್ದೇ ಲಾಕರುಗಳಿವೆ. ಅದಕ್ಕಿಂತ ಒಳ್ಳೆಯದು, ಫೋನನ್ನು ರೂಮಿನಲ್ಲೇ ಬಿಟ್ಟು ಬಟ್ಟೆಯ ಜೇಬಿನಲ್ಲಿ ಗುರುತಿನ ಚೀಟಿ, ಸ್ವಲ್ಪ ದುಡ್ಡು, ರೂಮಿನ ವಿಳಾಸ ಹಿಂದಿಯಲ್ಲಿ ಬರೆದ ಚೀಟಿ ಇಟ್ಟುಕೊಳ್ಳುವುದು. ಫೋನಿಲ್ಲದೆ ಗುಂಪಿನವರು ಚೆದುರಿದರೆ ಹುಡುಕುವುದು ಹೇಗೆ? ಒಳಗೆ ಹೋಗುವ ಮೊದಲೇ ಹೊರಗೆ ಸೇರುವ ಜಾಗ ಗೊತ್ತು ಮಾಡಿ, ಎಲ್ಲರ ಬಾಯಲ್ಲೂ ಒಂದು ಸಲ ಹೇಳಿಸಿ. ಬರುವ ಗೇಟು, ಹೋಗುವ ಗೇಟು ಒಂದೇ ಇರುತ್ತದೆಂಬ ಭರವಸೆ ಬೇಡ.

ಲಿಂಗವನ್ನು ಮುಟ್ಟಿ ಪೂಜಿಸುವ ಸ್ಪರ್ಶ ದರ್ಶನ ಜನ ಕಡಿಮೆಯಿದ್ದ ಹೊತ್ತಿನಲ್ಲಿ ಮಾತ್ರ. ಹಬ್ಬ, ಸೋಮವಾರಗಳಲ್ಲಿ ಬಾಗಿಲಿಂದಲೇ ನೋಡುವ ಝಾಂಕಿ ದರ್ಶನ. ಮುಟ್ಟಲೇಬೇಕೆಂದು ಏಜೆಂಟಿಗೆ ದುಡ್ಡು ಕೊಟ್ಟು ಕೊನೆಗೆ ಝಾಂಕಿ ಮಾಡಿಕೊಂಡು ಬಂದವರ ಗೋಳು ಕೇಳುವಂತಿಲ್ಲ. ಲಿಂಗ ಬೆಳ್ಳಿಯ ಚೌಕದ ತಗ್ಗಿನಲ್ಲಿದೆ, ಸಣ್ಣದು. ನಂಜುಂಡೇಶ್ವರನ ಗುಡಿಯ ಗಾತ್ರ ಮನಸ್ಸಿನಲ್ಲಿಟ್ಟುಕೊಂಡು ಹೋದವರು ಎಲ್ಲಿ ಎಲ್ಲಿ ಎಂದು ಹುಡುಕುವಷ್ಟರಲ್ಲಿ ಪೊಲೀಸಿನವರು ಮುಂದಕ್ಕೆ ತಳ್ಳಿಬಿಟ್ಟಿರುತ್ತಾರೆ. ಕಣ್ಣು ಕೆಳಗಿರಲಿ.

ಪಕ್ಕದಲ್ಲೇ ಅನ್ನಪೂರ್ಣೆ. ಮೀರ್ ಘಾಟಿನ ಕಡೆ ವಿಶಾಲಾಕ್ಷಿ. ಕಾಲಭೈರವ ಊರಿನ ಕೊತ್ವಾಲ, ಉತ್ತರಕ್ಕೆ ಒಂದೂವರೆ ಕಿಲೋಮೀಟರು. ಅವನ ಅಪ್ಪಣೆಯಿಲ್ಲದೆ ಕಾಶಿವಾಸವಿಲ್ಲ ಅನ್ನುತ್ತಾರೆ. ಕಪ್ಪು ಕಾಶಿದಾರ ಸಿಗುವುದು ಅಲ್ಲೇ. ಸಂಕಟಮೋಚನದಲ್ಲಿ ಕೋತಿಗಳಿವೆ, ಕನ್ನಡಕ ಜೋಪಾನ. ಸಾರನಾಥಕ್ಕೆ ಹತ್ತು ಕಿಲೋಮೀಟರು, ಅಶೋಕನ ಸಿಂಹಶಿರ ಇರುವ ಮ್ಯೂಸಿಯಂಗೆ ಶುಕ್ರವಾರ ರಜೆ. "ಮಂದಿರ್ ಬಂದ್ ಹೈ" ಎಂದು ಆಟೋದವನು ಹೇಳಿದರೆ ನಂಬಬೇಡಿ. ಅದಾದ ಮೇಲೆ ಅವನು ಕರೆದೊಯ್ಯುವುದು ರೇಷ್ಮೆ ಅಂಗಡಿಗೆ. ಮೈಸೂರು ಸಿಲ್ಕ್ ಉಡುವವರಿಗೆ ಅಲ್ಲಿ ಹೋಗಿ ಮೋಸ ಹೋಗುವ ಕರ್ಮ ಯಾಕೆ!

ಮಣಿಕರ್ಣಿಕಾ, ಹರಿಶ್ಚಂದ್ರ ಎರಡೂ ಸ್ಮಶಾನ ಘಾಟುಗಳು. ಅಲ್ಲಿ ಫೋಟೊ ತೆಗೆಯಬೇಡಿ, ಬೈಸಿಕೊಳ್ಳುತ್ತೀರಿ, ಬೈಸಿಕೊಳ್ಳಬೇಕಾದ್ದೇ. ಬಡವರ ಹೆಣಕ್ಕೆ ಸೌದೆ ದಾನ ಕೊಡಿ ಎಂದು ಪಕ್ಕಕ್ಕೆ ಕರೆದು ಕಿಲೋ ಲೆಕ್ಕದಲ್ಲಿ ದುಡ್ಡು ಕೇಳುವವರು ಸೌದೆಯವರಲ್ಲ, ಘಾಟಿಗೆ ಸೇರಿದವರೂ ಅಲ್ಲ. ಕೈ ಮುಗಿದು ಮುಂದೆ ನಡೆಯಿರಿ.

ಶ್ರಾದ್ಧ ಮಾಡುವವರು ಒಂದು ಹಾಳೆ ಮನೆಯಲ್ಲೇ ಬರೆದುಕೊಳ್ಳಬೇಕು. ತಂದೆ, ತಾತ, ಮುತ್ತಾತ. ತಾಯಿ, ಅಜ್ಜಿ, ಮುತ್ತಜ್ಜಿ. ತಾಯಿಯ ಕಡೆಯಲ್ಲೂ ಹಾಗೆಯೇ ಮೂರು ತಲೆಮಾರು. ಮುತ್ತಜ್ಜಿಯ ಹೆಸರು ಯಾರಿಗೂ ನೆನಪಿರುವುದಿಲ್ಲ, ಊರಿಗೆ ಫೋನು ಮಾಡಿ ವಾರ ಮೊದಲೇ ಕೇಳಿ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳಿಸುವುದು ರೂಢಿ. ಎಳ್ಳು, ದರ್ಭೆ ಇಲ್ಲಿಂದಲೇ ಒಯ್ಯಬಹುದು. ಪುರೋಹಿತರ ಹತ್ತಿರ ಏನೇನು ದಾನ, ಎಷ್ಟು ದಕ್ಷಿಣೆ, ಅಡುಗೆ ಯಾರದು, ಇಷ್ಟನ್ನು ಸಂಕಲ್ಪಕ್ಕೆ ಕೂರುವ ಮೊದಲು ಮಾತಾಡಿ. ಕೂತ ಮೇಲೆ, ಕೈಯಲ್ಲಿ ನೀರು ಹಿಡಿದಾಗ "ಗೋದಾನಕ್ಕೆ ಎಷ್ಟು ಕೊಡ್ತೀರಿ" ಎಂದು ಕೇಳಿದರೆ ಯಾರ ಬಾಯಿಂದಲೂ ಇಲ್ಲ ಎಂಬ ಮಾತು ಹೊರಡದು.

ಅಸ್ಥಿ ಒಯ್ಯುವವರು ಗಟ್ಟಿ ಬಟ್ಟೆಯಲ್ಲಿ ಕಟ್ಟಿ, ಮುಚ್ಚಳವಿರುವ ಪಾತ್ರೆಯಲ್ಲಿಡಿ. ಮಣ್ಣಿನ ಕುಡಿಕೆ ಎರಡು ರಾತ್ರಿಯ ರೈಲಿನಲ್ಲಿ ಸೀಳುತ್ತದೆ. ಬಿಡುವುದು ದೋಣಿಯಲ್ಲಿ ಹೋಗಿ ನಡುನೀರಿನಲ್ಲಿ. ಗಾಳಿ ಬೆನ್ನಿಗಿರಬೇಕು, ಎದುರು ಗಾಳಿಗೆ ಬಿಟ್ಟರೆ ಬೂದಿ ಮೈಮೇಲೆ ಬರುತ್ತದೆ. ಕೈಯನ್ನು ನೀರಿನ ಮಟ್ಟಕ್ಕೆ ಇಳಿಸಿ ಬಿಡಿ. ಬಿಡುವವರನ್ನು ಇನ್ನೊಬ್ಬರು ಸೊಂಟದಲ್ಲಿ ಹಿಡಿದಿರಲಿ. ಬಟ್ಟೆ, ಪ್ಲಾಸ್ಟಿಕ್ ನೀರಿಗೆ ಬೇಡ.

ಊಟದ ವಿಷಯ ಒಂದೇ ಮಾತು: ಬೆಳಿಗ್ಗೆಯ ಕಚೌರಿ, ಜಿಲೇಬಿ, ಚಳಿಗಾಲದಲ್ಲಿ ಮಣ್ಣಿನ ಲೋಟದಲ್ಲಿ ಕೊಡುವ ಹಾಲುನೊರೆಯ ಸಿಹಿ ಮಲಯ್ಯೋ, ಇವನ್ನು ಬಿಡಬೇಡಿ. ಆದರೆ ಸಾಸಿವೆ ಎಣ್ಣೆ ಒಗ್ಗದ ಹೊಟ್ಟೆಗೆ ಚಟ್ನಿಪುಡಿ, ಗಟ್ಟಿ ಅವಲಕ್ಕಿ ಕೈಯಲ್ಲಿರಲಿ.

ಇನ್ನು ನಿಮ್ಮ ಪ್ರಶ್ನೆಗಳು.

ಒಬ್ಬ ತಾಯಿ ಕೇಳಿದರು: ಕಾಶಿಗೆ ಹೋದರೆ ಇಷ್ಟವಾದ ಹಣ್ಣು, ತರಕಾರಿ ಬಿಟ್ಟು ಬರಬೇಕಂತಲ್ಲ?

ಅದು ಕಾಶಿಯದಲ್ಲಮ್ಮ, ಗಯೆಯದು. ಅಲ್ಲಿನ ಅಕ್ಷಯವಟದ ಕೆಳಗೆ ಪಿಂಡ ಇಟ್ಟ ಮೇಲೆ ಒಂದು ಎಲೆ, ಒಂದು ಹಣ್ಣು, ಒಂದು ಕಾಯಿ ಬಿಡುವ ಪದ್ಧತಿ. ಪ್ರಯಾಗ, ಕಾಶಿ, ಗಯೆ ಮೂರನ್ನೂ ಒಂದೇ ಯಾತ್ರೆಯಲ್ಲಿ ಮಾಡುತ್ತಿದ್ದುದರಿಂದ ಎಲ್ಲವೂ ಕಾಶಿಯ ಹೆಸರಿಗೆ ಸೇರಿಕೊಂಡಿದೆ. ಗಂಡ ಹೆಂಡತಿಯ ಜಡೆ ಹೆಣೆದು ತುದಿ ಕತ್ತರಿಸಿ ಕೊಡುವ ವೇಣಿದಾನವೂ ಹಾಗೆ, ಅದು ಪ್ರಯಾಗದ್ದು. ಕಾಶಿಯಿಂದ ಪ್ರಯಾಗ 120 ಕಿಲೋಮೀಟರಿನ ಆಸುಪಾಸು, ಗಯೆ ಅದರ ಎರಡರಷ್ಟು, ಬೇರೆ ದಿಕ್ಕು. ಮೂರಕ್ಕೂ ಸೇರಿ ಆರು ದಿನಕ್ಕೆ ಕಡಿಮೆ ಇಟ್ಟುಕೊಳ್ಳಬೇಡಿ.

ಇನ್ನೊಬ್ಬರು: ಗಂಗೆಯನ್ನು ತರುವುದು ಹೇಗೆ?

ಕಾಶಿಯವರೇ ಕೆಲವರು ಇಲ್ಲಿನ ನೀರು ಒಯ್ಯಬೇಡಿ, ಪ್ರಯಾಗದಲ್ಲಿ ತುಂಬಿಕೊಳ್ಳಿ ಅನ್ನುತ್ತಾರೆ. ಕಾಶಿಯ ನೀರಿನಲ್ಲಿರುವ ಜೀವಕ್ಕೆ ಅಲ್ಲೇ ಮೋಕ್ಷ, ಅದನ್ನು ತಪ್ಪಿಸಬಾರದು ಎಂಬ ಭಾವನೆ. ಪ್ರಯಾಗಕ್ಕೆ ಹೋಗುವವರು ಅಲ್ಲೇ ತುಂಬಿಕೊಳ್ಳಿ. ಎಲ್ಲಿ ತುಂಬಿದರೂ ದಡದ ನೀರು ಬೇಡ, ದೋಣಿಯಿಂದ ನಡುಹೊಳೆಯದು ತೆಗೆಯಿರಿ. ಅಂಗಡಿಯ ಹಳೇ ಕ್ಯಾನು ಕೊಂಡರೆ ನೀರಿಗೆ ಅದರ ಹಳೆಯ ವಾಸನೆ ಹತ್ತುತ್ತದೆ. ಸಣ್ಣ ತಾಮ್ರದ ಗಿಂಡಿಗಳಿಗೆ ನೀರು ತುಂಬಿ ಬಾಯಿಗೆ ಬೆಸುಗೆ ಹಾಕಿಸಿಕೊಳ್ಳುವವರು ಅಲ್ಲೇ ನಿಂತು ನೋಡಿ. ನೀರು ಬಾಯಿಯ ಅಂಚಿನ ತನಕ ಇದ್ದರೆ ಲೋಹ ತಣ್ಣಗಿದ್ದು ಬೆಸುಗೆ ಹಿಡಿಯುವುದಿಲ್ಲ, ಒಂದು ಬೆರಳು ಖಾಲಿ ಬಿಡಿಸಿ. ರೂಮಿಗೆ ತಂದು, ಒಂದು ನ್ಯೂಸ್‌ಪೇಪರ್ ಹಾಸಿ, ಗಿಂಡಿಗಳನ್ನೆಲ್ಲ ತಲೆಕೆಳಗಾಗಿ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಯಾವುದರ ಕೆಳಗೆ ಕಾಗದ ಒದ್ದೆಯಾಗಿದೆಯೋ ಅದನ್ನು ಅವತ್ತೇ ವಾಪಸ್ ಕೊಟ್ಟು ಮತ್ತೆ ಬೆಸುಗೆ ಹಾಕಿಸಿ. ರೈಲು ಹತ್ತಿದ ಮೇಲೆ ಗೊತ್ತಾದರೆ ಚೀಲದೊಳಗಿನ ಬಟ್ಟೆಗೆ ಗಂಗಾಸ್ನಾನ.